ಓದುಗರು ಕೇಳಿದ್ದು: ತ್ಸಾವೊ ಸೀಮೆಯ ನೀರು, ಆನೆ, ಕತ್ತಾಳೆ

ಕಳೆದ ಸಂಚಿಕೆಯಲ್ಲಿ ಕೀನ್ಯಾದ ಕೆಂಪು ಆನೆಗಳ ಚಿತ್ರವೊಂದನ್ನು ಅಚ್ಚು ಹಾಕಿದ್ದೆವು. ಅದಕ್ಕೆ ಬಂದ ಪತ್ರಗಳಲ್ಲಿ ಆನೆಗಿಂತ ಆನೆಯ ಊರಿನ ಬಗ್ಗೆ ಕೇಳಿದವರೇ ಹೆಚ್ಚು. ಹಾಗಾಗಿ ಈ ಸಲದ ಪುಟಗಳನ್ನು ಆ ಊರಿಗೇ, ಅಂದರೆ ಆಗ್ನೇಯ ಕೀನ್ಯಾದ ತೈತಾ ತವೇತಾ ಜಿಲ್ಲೆಗೆ ಬಿಟ್ಟುಕೊಟ್ಟಿದ್ದೇವೆ. (2013ರಿಂದ ಅಲ್ಲಿ ಜಿಲ್ಲೆಗೆ ಕೌಂಟಿ ಎನ್ನುತ್ತಾರೆ. ನಾವು ಜಿಲ್ಲೆ ಎಂದೇ ಬರೆದಿದ್ದೇವೆ.)

ಪ್ರಶ್ನೆ: ನಕ್ಷೆಯಲ್ಲಿ ಇಷ್ಟು ದೊಡ್ಡದಾಗಿ ಕಾಣುವ ಜಿಲ್ಲೆಯಲ್ಲಿ ಜನಸಂಖ್ಯೆ ಇಷ್ಟು ಕಡಿಮೆ ಏಕೆ? ಮಕ್ಕಳಿಗೆ ಹೇಗೆ ವಿವರಿಸಲಿ?
— ಭೂಗೋಳ ಶಿಕ್ಷಕಿ, ತುಮಕೂರು

ನಿಮ್ಮ ಜಿಲ್ಲೆಯಿಂದಲೇ ಶುರುಮಾಡಿ. ತೈತಾ ತವೇತಾದ ವಿಸ್ತೀರ್ಣ ಸುಮಾರು 17,000 ಚದರ ಕಿ.ಮೀ. ಅಂದರೆ ತುಮಕೂರು ಜಿಲ್ಲೆಯ ಒಂದೂವರೆ ಪಟ್ಟಿಗೂ ಜಾಸ್ತಿ. 2019ರ ಜನಗಣತಿಯಲ್ಲಿ ಅಲ್ಲಿದ್ದವರು 3,40,671 ಮಂದಿ. ತುಮಕೂರಿನಲ್ಲಿ 2011ರಲ್ಲೇ 26 ಲಕ್ಷ ದಾಟಿತ್ತು.

ಇದಕ್ಕೆ ಎರಡು ಕಾರಣ. ಒಂದು, ಜಿಲ್ಲೆಯ ಶೇ. 62ರಷ್ಟು ನೆಲ ತ್ಸಾವೊ ಪೂರ್ವ ಮತ್ತು ತ್ಸಾವೊ ಪಶ್ಚಿಮ ಎಂಬ ಎರಡು ರಾಷ್ಟ್ರೀಯ ಉದ್ಯಾನಗಳಿಗೆ ಸೇರಿದೆ. ಅಲ್ಲಿ ಯಾರೂ ಮನೆ ಕಟ್ಟುವಂತಿಲ್ಲ, ಉಳುವಂತಿಲ್ಲ, ದನ ಮೇಯಿಸುವಂತಿಲ್ಲ. ಉಳಿದದ್ದರಲ್ಲಿ ದೊಡ್ಡ ಪಾಲು ದನದ ರ‍್ಯಾಂಚ್‌ಗಳು ಮತ್ತು ಕತ್ತಾಳೆ ಎಸ್ಟೇಟುಗಳ ಕೈಯಲ್ಲಿದೆ. ಸಣ್ಣ ರೈತರಿಗೆ ಸಿಕ್ಕಿರುವುದು ಚೂರುಪಾರು.

ಎರಡನೆಯದು ನೀರು. ಈ ಜಿಲ್ಲೆಯ ಏನನ್ನೇ ಕೇಳಿದರೂ, ಬೆಳೆಯಾಗಲಿ ಆನೆಯಾಗಲಿ ಜಗಳವಾಗಲಿ, ಉತ್ತರ ಸುತ್ತಿ ಬಳಸಿ ನೀರಿಗೇ ಬಂದು ನಿಲ್ಲುತ್ತದೆ. ಮಕ್ಕಳಿಗೆ ಮೂರು ಮೆಟ್ಟಿಲು ಬರೆದು ತೋರಿಸಿ. ಕೆಳಗಿನ ಮೆಟ್ಟಿಲು ಬಯಲು: ವೋಯಿ ಪಟ್ಟಣದ ಎತ್ತರ ಸಮುದ್ರಮಟ್ಟದಿಂದ 560 ಮೀಟರ್ ಆಸುಪಾಸು, ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೆ ಪುಣ್ಯ, ಎಲ್ಲೆಲ್ಲೂ ಮುಳ್ಳಿನ ಕುರುಚಲು. ಮೇಲಿನ ಮೆಟ್ಟಿಲು ಆ ಬಯಲಿನಿಂದ ಗೋಡೆಯಂತೆ ಏಳುವ ತೈತಾ ಬೆಟ್ಟಗಳು: ದಾವಿದಾ, ಸಗಾಲಾ, ಕಸಿಗಾವು. ದಾವಿದಾ ಸಾಲಿನ ವೂರಿಯಾ ಶಿಖರದ ಎತ್ತರ 2,208 ಮೀಟರ್. ಹಿಂದೂ ಮಹಾಸಾಗರದಿಂದ ಬರುವ ತೇವದ ಗಾಳಿಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಬಯಲು ದಾಟಿದ ಮೇಲೆ ಸಿಗುವ ಮೊದಲ ತಡೆ ಈ ಬೆಟ್ಟಗಳೇ. ಅಲ್ಲಿ ಬಯಲಿನ ಎರಡು ಮೂರು ಪಟ್ಟು ಮಳೆ, ಜೊತೆಗೆ ಮಂಜು. ಜನ ಒತ್ತೊತ್ತಾಗಿ ಇರುವುದು ಈ ಇಳಿಜಾರುಗಳಲ್ಲೇ. ಮೆಟ್ಟಿಲು ಮೆಟ್ಟಿಲಾಗಿ ಕಡಿದ ತಾಕುಗಳಲ್ಲಿ ಮೆಕ್ಕೆಜೋಳ, ಹುರುಳಿಕಾಯಿ, ಎಲೆಕೋಸು, ಟೊಮೆಟೊ ಬೆಳೆದು ಬೆಟ್ಟದ ಮೇಲಿನ ವುಂದಾನ್ಯಿ ಪಟ್ಟಣದಿಂದ ಲಾರಿಯಲ್ಲಿ ಕರಾವಳಿಯ ಮೊಂಬಾಸಾ ನಗರಕ್ಕೆ ಕಳಿಸುತ್ತಾರೆ.

ಮೂರನೆಯ ಮೆಟ್ಟಿಲು ಪಶ್ಚಿಮದ ತುದಿಯ ತವೇತಾ. ಅಲ್ಲಿ ಮಳೆ ಅಷ್ಟಕ್ಕಷ್ಟೇ, ಆದರೆ ಬೆನ್ನಿಗೆ ಕಿಲಿಮಂಜಾರೊ ಇದೆ. ಆ ಪರ್ವತದ ಮೇಲೆ ಬಿದ್ದ ಮಳೆ ನೆಲದೊಳಗೆ ಇಳಿದು ತವೇತಾದಲ್ಲಿ ಬುಗ್ಗೆಯಾಗಿ ಏಳುತ್ತದೆ, ಲುಮಿ ಹೊಳೆಯಾಗಿ ಹರಿಯುತ್ತದೆ. ಅದರ ಕಾಲುವೆಗಳಲ್ಲಿ ಬಾಳೆ ನಿಂತಿದೆ. ತವೇತಾ ಬಾಳೆಗೊನೆ ನೈರೋಬಿಯವರೆಗೂ ಹೋಗುತ್ತದೆ.

ಮಳೆಗಾಲ ಎರಡು: ಮಾರ್ಚ್‌ನಿಂದ ಮೇ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್ ಸಣ್ಣ ಮಳೆ. ಹೆಸರು ನೋಡಿ ಮೋಸಹೋಗಬೇಡಿ. ಬಯಲಿನ ರೈತ ನಂಬಿ ಬಿತ್ತುವುದು ಸಣ್ಣ ಮಳೆಗೇ. ದೊಡ್ಡದು ಆಗಾಗ ಕೈಕೊಡುತ್ತದೆ.

ಪ್ರಶ್ನೆ: ಆನೆಗಳು ಕೆಂಪಗಿರುವುದು ಬೇರೆ ಜಾತಿಯವು ಎಂದೇ?
— ಒಂಬತ್ತನೇ ತರಗತಿ ವಿದ್ಯಾರ್ಥಿ, ಶಿರಸಿ

ಅಲ್ಲ. ಆಫ್ರಿಕಾದ ಮಾಮೂಲಿ ಸವನ್ನಾ ಆನೆಗಳೇ. ತ್ಸಾವೊದ ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ನಮ್ಮ ಕರಾವಳಿಯ ಮುರಮಣ್ಣಿನ ಬಣ್ಣ. ಆನೆ ಕೆಸರಿನಲ್ಲಿ ಹೊರಳಿ, ಮೇಲೆ ಧೂಳು ಎರಚಿಕೊಂಡರೆ ಕೀಟಬಾಧೆ ಕಡಿಮೆ, ಬಿಸಿಲಿಗೂ ತಡೆ. ಜೋರು ಮಳೆ ಬಂದ ಮರುದಿನ ಅದೇ ಆನೆ ಬೂದು ಬಣ್ಣಕ್ಕೆ ತಿರುಗಿರುತ್ತದೆ.

ಬಣ್ಣಕ್ಕಿಂತ ಅವುಗಳ ಲೆಕ್ಕದ ಕಥೆ ದೊಡ್ಡದು. 2021ರ ರಾಷ್ಟ್ರೀಯ ಗಣತಿಯಲ್ಲಿ ಕೀನ್ಯಾದ ಒಟ್ಟು ಆನೆ 36,280. ಅದರಲ್ಲಿ 14,964 ತ್ಸಾವೊ ಸೀಮೆಯವು. 1970-71ರ ಬರದಲ್ಲಿ ಇಲ್ಲಿ ಸಾವಿರಾರು ಆನೆ ಸತ್ತವು. ಸತ್ತದ್ದು ಬಾಯಾರಿಕೆಯಿಂದ ಎಂದುಕೊಳ್ಳುವವರೇ ಜಾಸ್ತಿ. ಗಲಾನಾ ನದಿಯಲ್ಲಿ ನೀರಿತ್ತು. ನದಿಯಿಂದ ಒಂದು ದಿನದ ನಡಿಗೆಯಷ್ಟು ದೂರದವರೆಗೆ ಮೇವು ಮುಗಿದಿತ್ತು. ಗಂಡಾನೆ ದೂರ ಹೋಗಿ ಮೇಯ್ದು ಬಂತು. ಮರಿ ಕಟ್ಟಿಕೊಂಡ ಹೆಣ್ಣಾನೆ ನೀರು ಬಿಟ್ಟು ಅಷ್ಟು ದೂರ ಹೋಗಲಾರದು, ಹಾಗಾಗಿ ತಾಯಿ-ಮರಿಗಳೇ ಹೆಚ್ಚು ಸತ್ತವು. ಅದರ ಬೆನ್ನಿಗೇ ದಂತಕಳ್ಳರು ಬಂದರು. 1980ರ ದಶಕದ ಕೊನೆಗೆ ಈ ಸೀಮೆಯಲ್ಲಿ ಉಳಿದದ್ದು ಆರು ಸಾವಿರದ ಆಸುಪಾಸು. 1989ರ ಜುಲೈನಲ್ಲಿ ಅಧ್ಯಕ್ಷ ಮೋಯಿ ನೈರೋಬಿಯಲ್ಲಿ 12 ಟನ್ ದಂತಕ್ಕೆ ಬೆಂಕಿ ಹಚ್ಚಿದ್ದು ಈ ಹಿನ್ನೆಲೆಯಲ್ಲೇ.

ಪ್ರಶ್ನೆ: ನಮ್ಮ ಫ್ಲ್ಯಾಟಿನ ನಲ್ಲಿಯಲ್ಲಿ ಬರುವುದು ತ್ಸಾವೊ ಕಾಡಿನ ನೀರು ಎಂದು ಇಲ್ಲಿಯವರು ಹೇಳುತ್ತಾರೆ. ಇನ್ನೂರು ಕಿಲೋಮೀಟರ್ ಆಚೆಯ ಮರುಭೂಮಿಯಂಥ ಜಾಗದಿಂದ ನೀರು ಬರುತ್ತದೆಯೇ?
— ಉಡುಪಿಯವರು, ಈಗ ಮೊಂಬಾಸಾದಲ್ಲಿ ಉದ್ಯೋಗ

ಬರುತ್ತದೆ. ಎಲ್ಲ ನೀರೂ ಅದಲ್ಲ, ಮೊಂಬಾಸಾಕ್ಕೆ ಬಾರಿಚೊ, ಮಾರೆರೆ, ತಿವಿಯಿಂದಲೂ ಸರಬರಾಜಿದೆ. ಆದರೆ ತ್ಸಾವೊ ಪಶ್ಚಿಮದೊಳಗಿನ ಮ್ಝಿಮಾ ಬುಗ್ಗೆಯ ಪೈಪು 1950ರ ದಶಕದಿಂದಲೂ ನಿಮ್ಮ ಊರಿಗೆ ನೀರು ಹರಿಸುತ್ತಿದೆ.

ತ್ಸಾವೊ ಪಶ್ಚಿಮದ ಉತ್ತರಕ್ಕೆ ಚ್ಯುಲು ಬೆಟ್ಟಗಳಿವೆ. ಭೂವಿಜ್ಞಾನದ ಲೆಕ್ಕದಲ್ಲಿ ಇವು ತೀರ ಎಳೆಯ ಜ್ವಾಲಾಮುಖಿಗಳು, ಪಕ್ಕದ ಶೇತಾನಿ ಲಾವಾ ಹರಿದು ಇನ್ನೂರು ವರ್ಷವೂ ಆಗಿಲ್ಲ. ಅಲ್ಲಿಯ ಬೂದಿ, ಕಲ್ಲು ಎಷ್ಟು ರಂಧ್ರಮಯ ಎಂದರೆ ಬಿದ್ದ ಮಳೆ ಸೀದಾ ಒಳಗಿಳಿಯುತ್ತದೆ, ಬೆಟ್ಟದ ಮೇಲೆ ಒಂದು ಹಳ್ಳವೂ ಇಲ್ಲ. ಆ ನೀರು ಕಲ್ಲಿನೊಳಗೆ ಸೋಸಿಕೊಂಡು ಹತ್ತಾರು ಕಿಲೋಮೀಟರ್ ಸಾಗಿ ಮ್ಝಿಮಾದಲ್ಲಿ ಹೊರಬೀಳುತ್ತದೆ. ದಿನಕ್ಕೆ ಇಪ್ಪತ್ತು ಕೋಟಿ ಲೀಟರಿಗೂ ಮಿಕ್ಕು. ಲಾವಾ ಬಂಡೆಯ ಅಡಿಯಲ್ಲೇ, ಕೊಳಕ್ಕೆ ಬರುವ ಮೊದಲು, ಒಂದು ಪಾಲನ್ನು ಪೈಪಿಗೆ ತಿರುಗಿಸುತ್ತಾರೆ. ಮ್ಝಿಮಾ ಎತ್ತರದಲ್ಲಿದೆ, ಮೊಂಬಾಸಾ ಕಡಲಮಟ್ಟದಲ್ಲಿದೆ. ಹಾಗಾಗಿ ಪಂಪಿನ ಹಂಗಿಲ್ಲದೆ ನೀರು ತಾನಾಗಿ ಇಳಿದು ಬರುತ್ತದೆ.

ಇದರ ಇನ್ನೊಂದು ಮಗ್ಗುಲೂ ಇದೆ. ಪೈಪು ಹಾದುಹೋಗುವ ಜಿಲ್ಲೆಯ ಹಳ್ಳಿಗಳಲ್ಲಿ ಹೆಂಗಸರು ಇಂದಿಗೂ ಹಳದಿ ಜೆರಿಕ್ಯಾನ್ ಹೊತ್ತು ನೀರಿಗೆ ಅಲೆಯುತ್ತಾರೆ. ವೋಯಿಗೆ ಇದೇ ಪೈಪಿನಿಂದ ಒಂದಿಷ್ಟು ಸಿಗುತ್ತದೆ, ಸಾಲದು. ಪ್ರತಿ ಚುನಾವಣೆಯಲ್ಲೂ ಎರಡನೇ ಮ್ಝಿಮಾ ಪೈಪಿನ ಮಾತು ಬರುತ್ತದೆ, ಹೋಗುತ್ತದೆ. ತಮ್ಮ ನೆಲದ ನೀರಿಗೆ ತಮಗೂ ಪಾಲು ಬೇಕೆಂಬ ತೈತಾ ಜನರ ಬೇಡಿಕೆ ನ್ಯಾಯವಾದದ್ದು ಎಂಬುದೇ ನಮ್ಮ ಅಭಿಪ್ರಾಯ.

ಬಿಡುವಾದಾಗ ಹೋಗಿ ನೋಡಿ. ಮೇಲಿನ ಕೊಳದ ನೀರು ಗಾಜಿನಷ್ಟು ತಿಳಿ. ನೀರಿನ ಮಟ್ಟಕ್ಕಿಂತ ಕೆಳಗೆ ಕಟ್ಟಿರುವ ಕಿಟಕಿಕೋಣೆಯಲ್ಲಿ ಇಳಿದು ನಿಂತರೆ ಮೀನಿನ ಹಿಂಡು ಕಣ್ಣಿನ ಮುಂದೆಯೇ ಹಾಯುತ್ತದೆ. ನೀರಾನೆಗಳು ರಾತ್ರಿ ದಡದ ಹುಲ್ಲು ಮೇಯ್ದು, ಹಗಲು ನೀರಲ್ಲಿ ಸಗಣಿ ಹಾಕುತ್ತವೆ. ಅದೇ ಮೀನಿಗೂ ಹುಳುಗಳಿಗೂ ಗೊಬ್ಬರ, ಮೀನು ನೀರುಕಾಗೆಗೂ ಮೊಸಳೆಗೂ ಊಟ. 2009ರ ಬರದಲ್ಲಿ ಬುಗ್ಗೆ ಬತ್ತಲಿಲ್ಲ, ಹುಲ್ಲು ಬತ್ತಿತು. ನೀರಿನಲ್ಲೇ ಇದ್ದ ನೀರಾನೆಗಳು ಹೊಟ್ಟೆಗಿಲ್ಲದೆ ಸತ್ತವು.

ಪ್ರಶ್ನೆ: ಜೇನುಪೆಟ್ಟಿಗೆಯ ಬೇಲಿ ಹಾಕಿ ಆನೆ ತಡೆಯುತ್ತಾರಂತೆ. ಹೇಗೆ ಕಟ್ಟುವುದು? ನಮ್ಮ ಕಡೆ ನಡೆದೀತೆ?
— ಕಾಫಿ ಬೆಳೆಗಾರರು, ಸಕಲೇಶಪುರ

ಇದನ್ನು ಕಟ್ಟಿ ಅಳೆದು ನೋಡಿದ ಜಾಗಗಳಲ್ಲಿ ಮುಖ್ಯವಾದದ್ದು ಈ ಜಿಲ್ಲೆಯ ಸಗಾಲಾ ಬೆಟ್ಟದ ಬುಡ. ತ್ಸಾವೊ ಪೂರ್ವದ ಗಡಿಗೆ ಅಂಟಿಕೊಂಡ ಹಳ್ಳಿಗಳು, ಮಳೆಯಾಶ್ರಿತ ಮೆಕ್ಕೆಜೋಳ, ಅಲಸಂದೆ, ಹೆಸರು. ಲೂಸಿ ಕಿಂಗ್ ಎಂಬ ವಿಜ್ಞಾನಿ, ಸೇವ್ ದಿ ಎಲಿಫೆಂಟ್ಸ್ ಸಂಸ್ಥೆಯ ಮೂಲಕ, ಅಲ್ಲಿಯ ರೈತರ ಜೊತೆ ಈ ಬೇಲಿಯನ್ನು ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ.

ಮೊದಲು ತತ್ವ. ಆನೆಯ ಚರ್ಮ ದಪ್ಪ, ನಿಜ. ಆದರೆ ಕಣ್ಣಿನ ಸುತ್ತ, ಸೊಂಡಿಲಿನ ಒಳಗೆ, ಕಿವಿಯ ಹಿಂದೆ ಚುಚ್ಚಿದರೆ ತಡೆಯಲಾರದು. ಮರಿಗಳ ಚರ್ಮವಂತೂ ತೆಳು. ಜೇನಿನ ಸದ್ದು ಕೇಳಿದರೇ ಆನೆಗಳು ತಲೆ ಕೊಡವಿ, ಧೂಳೆರಚಿ, ಗುಡುಗುವ ದನಿಯಲ್ಲಿ ಒಂದಕ್ಕೊಂದು ಎಚ್ಚರಿಸಿ ದೂರ ಸರಿಯುತ್ತವೆ.

ಈಗ ಕಟ್ಟುವ ಕ್ರಮ. ಎರಡು ಗಟ್ಟಿ ಕಂಬ, ಗೆದ್ದಲು ಹಿಡಿಯದ ಮರದ್ದು, ನಡುವೆ ಮೂರು ಮೀಟರ್ ಅಂತರ. ಅವುಗಳ ನಡುವೆ ಪೆಟ್ಟಿಗೆಯನ್ನು ಎದೆಯ ಎತ್ತರಕ್ಕೆ ತಂತಿಯಲ್ಲಿ ತೂಗುಹಾಕಬೇಕು, ಮೇಲೆ ನೆರಳಿಗೆ ಪುಟ್ಟ ಮಾಡು. ಏಳು ಮೀಟರ್ ಖಾಲಿ ಬಿಟ್ಟು ಮುಂದಿನ ಜೋಡಿ ಕಂಬ. ಅಂದರೆ ಹತ್ತು ಮೀಟರಿಗೊಂದು ಘಟಕ. ಎಲ್ಲದರಲ್ಲೂ ಜೇನು ಬೇಕಿಲ್ಲ. ಒಂದು ನಿಜವಾದ ಪೆಟ್ಟಿಗೆ, ಮುಂದಿನದು ಹಳದಿ ಬಣ್ಣ ಬಳಿದ ಬರೀ ಪ್ಲೈವುಡ್ ಹಲಗೆ, ಹೀಗೆ ಸರದಿ. ಒಂದು ಎಕರೆ ಚೌಕದ ಸುತ್ತಳತೆ 250 ಮೀಟರ್ ಚಿಲ್ಲರೆ. ಹನ್ನೆರಡು ಹದಿಮೂರು ಪೆಟ್ಟಿಗೆ, ಅಷ್ಟೇ ಹಲಗೆ ಸಾಕು.

ಎಡವುವುದು ಸಾಮಾನ್ಯವಾಗಿ ತಂತಿಯಲ್ಲಿ. ಘಟಕದಿಂದ ಘಟಕಕ್ಕೆ ಹೋಗುವ ತಂತಿಯನ್ನು ಪೆಟ್ಟಿಗೆ ತೂಗುವ ತಂತಿಗೆ ಸೇರಿಸಬೇಕು, ಕಂಬಕ್ಕೆ ಬಿಗಿಯಬಾರದು. ಆನೆ ಪೆಟ್ಟಿಗೆಯ ಹತ್ತಿರ ಬರದೆ ನಡುವಿನ ಏಳು ಮೀಟರ್ ಸಂದಿಯಲ್ಲಿ ನುಗ್ಗಲು ನೋಡುತ್ತದೆ. ಎದೆಗೆ ತಂತಿ ತಾಗಿ ಮುಂದೆ ತಳ್ಳಿದಾಗ ಎರಡೂ ಬದಿಯ ಪೆಟ್ಟಿಗೆಗಳು ತೂಗಾಡಿ ಜೇನು ಎದ್ದು ಬರಬೇಕು. ಕಂಬಕ್ಕೆ ಬಿಗಿದರೆ ಕಂಬ ಮುರಿಯುತ್ತದೆ, ಜೇನು ನಿದ್ದೆಯಲ್ಲೇ ಇರುತ್ತದೆ. ಹೊಲದ ಒಂದು ಬದಿ ಮಾತ್ರ ಬೇಲಿ ಹಾಕಿದರೂ ಲಾಭವಿಲ್ಲ, ಆನೆ ಸುತ್ತಿ ಬರುತ್ತದೆ. ಕಂಬಕ್ಕೆ ತಗಡು ಸುತ್ತಿ, ಇಲ್ಲದಿದ್ದರೆ ತರಕರಡಿ ಹತ್ತಿ ಪೆಟ್ಟಿಗೆ ಒಡೆಯುತ್ತದೆ. ಇರುವೆ ಏರದಂತೆ ಗ್ರೀಸ್ ಬಳಿಯಿರಿ. ಬೇಸಿಗೆಯಲ್ಲಿ ಹತ್ತಿರವೇ ಕಡ್ಡಿ ತೇಲಿಬಿಟ್ಟ ನೀರಿನ ತೊಟ್ಟಿ ಇಡಿ.

ಫಲ? ಪೈರು ತುಂಬಿನಿಂತ ಹಂಗಾಮುಗಳಲ್ಲಿ ಬೇಲಿಯ ಬಳಿ ಬಂದ ಆನೆಗಳಲ್ಲಿ ಶೇ. 86ರವರೆಗೂ ಹಿಂದೆ ಸರಿದಿವೆ ಎಂದು ಸಗಾಲಾದ ಒಂಬತ್ತು ವರ್ಷಗಳ ಅಧ್ಯಯನ 2024ರಲ್ಲಿ ಹೇಳಿತು. ಅದೇ ಅಧ್ಯಯನದ ಇನ್ನೊಂದು ಸಾಲನ್ನು ಪತ್ರಿಕೆಗಳು ಬಿಟ್ಟುಬಿಡುತ್ತವೆ: 2017ರ ಬರದಲ್ಲಿ ಹೂವಿಲ್ಲದೆ, ನೀರಿಲ್ಲದೆ ಜೇನು ಪೆಟ್ಟಿಗೆ ಬಿಟ್ಟು ಹಾರಿಹೋಗಿ, ಮುಂದಿನ ಕೆಲವು ವರ್ಷ ತುಪ್ಪವೂ ನೆಟ್ಟಗೆ ಬರಲಿಲ್ಲ. ಬರಗಾಲದಲ್ಲೇ ಆನೆ ಹೊಲಕ್ಕೆ ಹೆಚ್ಚು ನುಗ್ಗುವುದು. ಬೇಲಿ ದುರ್ಬಲವಾಗುವುದೂ ಆಗಲೇ.

ನಿಮ್ಮ ಕಡೆಯ ಮಾತು. 2021ರ ಮಾರ್ಚ್‌ನಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕೊಡಗಿನಲ್ಲಿ, ನಾಗರಹೊಳೆಯ ಅಂಚಿನ ನಾಲ್ಕು ಕಡೆ ಆನೆ ಬರುವ ದಾರಿಯಲ್ಲಿ ಜೇನುಪೆಟ್ಟಿಗೆ ಇಟ್ಟು ಇಂಥದೇ ಯೋಜನೆ ಆರಂಭಿಸಿತು. ಆದರೆ ಆಫ್ರಿಕಾದ ಜೇನು ಬೇರೆ, ನಮ್ಮದು ಬೇರೆ. ಅಲ್ಲಿಯದು ಮುಂಗೋಪಿ, ಕುಟುಂಬ ದೊಡ್ಡದು, ಸಾವಿರಗಟ್ಟಲೆ ಒಮ್ಮೆಗೇ ಎರಗುತ್ತದೆ. ನಮ್ಮ ಪೆಟ್ಟಿಗೆಯ ತುಡುವೆ ಸಾಧು, ಕುಟುಂಬ ಚಿಕ್ಕದು, ಸ್ವಲ್ಪ ಕಿರಿಕಿರಿಯಾದರೆ ಗೂಡು ಬಿಟ್ಟು ಹೋಗುತ್ತದೆ. ಹೆಜ್ಜೇನಿನ ಸಿಟ್ಟು ಸಾಲುತ್ತದೆ, ಆದರೆ ಅದು ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ಏಷ್ಯಾದ ಆನೆಗಳು ಜೇನಿಗೆ ಆಫ್ರಿಕಾದವುಗಳಷ್ಟು ಬೆದರುವುದೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಮಳೆಯಲ್ಲಿ ತುಡುವೆ ಸಾಕುವುದೇ ಕಷ್ಟ, ಸಕ್ಕರೆ ಪಾಕ ಉಣಿಸಿ ಉಳಿಸಿಕೊಳ್ಳಬೇಕು. ಐವತ್ತು ಎಕರೆ ತೋಟಕ್ಕೆ ಇದು ಹೇಳಿದ್ದಲ್ಲ. ಒಂದೆರಡು ಎಕರೆ ಭತ್ತದ ಗದ್ದೆಗೆ, ನವೆಂಬರ್-ಡಿಸೆಂಬರ್‌ನಲ್ಲಿ, ಪ್ರಯೋಗಕ್ಕೆ ಮಾಡಬಹುದು. ಕೂಲಿಯವರು ಓಡಾಡುವ ದಾರಿಗೆ, ದನದ ಕೊಟ್ಟಿಗೆಗೆ ಹತ್ತಿರ ಬೇಡ. ತೋಟಕ್ಕೆ ಆನೆ ಬರುವುದು ಹಲಸಿಗಾದರೆ ಹಣ್ಣಾಗುವ ಮೊದಲೇ ಕಾಯಿ ಇಳಿಸುವುದು ಜೇನಿಗಿಂತ ಅಗ್ಗ.

ಸಗಾಲಾದವರೂ ಜೇನೊಂದನ್ನೇ ನೆಚ್ಚಿಲ್ಲ. ಆನೆ ಮುಟ್ಟದ ಎಳ್ಳು, ಸೂರ್ಯಕಾಂತಿಯನ್ನು ಬಿತ್ತುತ್ತಾರೆ, ಜೇನಿಗೂ ಹೂವಾಯಿತು. ಕೀನ್ಯಾದ 2013ರ ವನ್ಯಜೀವಿ ಕಾಯ್ದೆಯಲ್ಲಿ ಕಾಡುಪ್ರಾಣಿಯಿಂದ ಸಾವಾದರೆ 50 ಲಕ್ಷ ಶಿಲಿಂಗ್, ಶಾಶ್ವತ ಅಂಗವೈಕಲ್ಯಕ್ಕೆ 30 ಲಕ್ಷ ಎಂದು ಬರೆದಿದೆ. ಕಾಗದದಲ್ಲಿ ಉದಾರ. ಕೈಗೆ ಬರಲು ವರ್ಷಗಳೇ ಹಿಡಿಯುತ್ತವೆ, ಅದು ನಿಮಗೆ ಹೊಸ ವಿಷಯವೇನಲ್ಲ.

ಪ್ರಶ್ನೆ: ನಮ್ಮ ಒಣಭೂಮಿಯ ಬದುವಿನ ತುಂಬ ಕತ್ತಾಳೆ ಇದೆ. ಅಲ್ಲಿ ಇದನ್ನೇ ಸಾವಿರಾರು ಎಕರೆ ಬೆಳೆದು ಶ್ರೀಮಂತರಾಗಿದ್ದಾರಂತೆ. ನಾವೂ ಮಾಡಬಹುದೇ?
— ರೈತರು, ಚಳ್ಳಕೆರೆ

ಎಸ್ಟೇಟಿನವರು ಶ್ರೀಮಂತರು, ನಿಜ. ಮ್ವಾತಾತೆಯ ಬಳಿಯ ತೈತಾ ಸಿಸಾಲ್ ಎಸ್ಟೇಟ್ ಜಗತ್ತಿನ ದೊಡ್ಡ ಕತ್ತಾಳೆ ತೋಟಗಳಲ್ಲೊಂದು, 30,000 ಎಕರೆಗೂ ಮೀರಿದ್ದು. ಸಣ್ಣ ರೈತ ಅದರಲ್ಲಿ ಶ್ರೀಮಂತನಾಗಿಲ್ಲ. ಕಾರಣ ಲೆಕ್ಕದಲ್ಲಿದೆ.

ಎಲೆಯ ತೂಕದಲ್ಲಿ ನಾರು ಶೇ. 4ರಷ್ಟು ಮಾತ್ರ. ಒಂದು ಟನ್ ಒಣ ನಾರಿಗೆ 25 ಟನ್ ಎಲೆ ಕೊಯ್ದು ಸಾಗಿಸಬೇಕು. ಕೊಯ್ದ ಎಲೆಯನ್ನು ಒಂದೆರಡು ದಿನದೊಳಗೆ ನಾರು ಬಿಡಿಸಬೇಕು. ತಡವಾದರೆ ತಿರುಳು ನಾರಿಗೆ ಅಂಟಿ ಒಣಗಿ, ಬಣ್ಣ ಕೆಟ್ಟು, ದರ್ಜೆ ಇಳಿಯುತ್ತದೆ. ಹಾಗಾಗಿ ಯಂತ್ರ ಹೊಲದ ನಡುವೆಯೇ ಇರಬೇಕು, ಯಂತ್ರ ಸುಮ್ಮನೆ ನಿಲ್ಲದಷ್ಟು ಎಲೆ ದಿನವೂ ಬರಬೇಕು. ಸಾವಿರಾರು ಎಕರೆ ಬೇಕಾಗುವುದು ಈ ಕಾರಣಕ್ಕೆ. ನಾರು ಬಿಡಿಸುವಾಗ, ತೊಳೆಯುವಾಗ ನೀರು ಧಾರಾಳ ಖರ್ಚು. ಗಿಡಕ್ಕೆ ನೀರು ಬೇಡ, ಕಾರ್ಖಾನೆಗೆ ಬೇಕು. ಒಣಸೀಮೆಯ ಬೆಳೆ ಎಂದು ನಂಬಿ ಹೊರಟವರು ಸೋಲುವುದು ಇಲ್ಲೇ. ಉಳಿದ ಶೇ. 96 ಹುಳಿ ತಿರುಳು, ಹಳ್ಳಕ್ಕೆ ಬಿಟ್ಟರೆ ನೀರು ನಾರುತ್ತದೆ.

ಗಿಡ ನೆಟ್ಟು ಎರಡು ಮೂರು ವರ್ಷಕ್ಕೆ ಮೊದಲ ಕೊಯ್ಲು. ಕೆಳಗಿನ ಎಲೆಗಳನ್ನಷ್ಟೇ ಕೊಯ್ದು ನೆತ್ತಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಎಲೆ ಬಿಡಬೇಕು, ಆಸೆಬಿದ್ದು ಹೆಚ್ಚು ಕೊಯ್ದರೆ ಮುಂದಿನ ಎಲೆ ಗಿಡ್ಡವಾಗುತ್ತದೆ. ಏಳರಿಂದ ಹತ್ತು ವರ್ಷಕ್ಕೆ ಹೂಗಂಬ ಎತ್ತಿದರೆ ಗಿಡದ ಕಥೆ ಮುಗಿಯಿತು. ಅದರ ಜೀವಮಾನದ ಎಲೆ ಇನ್ನೂರು ಚಿಲ್ಲರೆ.

ನಿಮ್ಮ ಬದುವಿನ ಕತ್ತಾಳೆಯಲ್ಲಿ ಜಾತಿ ಹಲವು. ನಾರಿಗೆ ಒಳ್ಳೆಯದು ಅಂಚಿನಲ್ಲಿ ಮುಳ್ಳಿಲ್ಲದ ಅಥವಾ ತೀರ ಕಡಿಮೆ ಇರುವ, ತುದಿಯಲ್ಲಿ ಮಾತ್ರ ಸೂಜಿಯಿರುವ ಸಿಸಾಲ್. ಇದ್ದಷ್ಟರಲ್ಲಿ ಹಗ್ಗ ಹೊಸೆಯಲು, ಗುಂಪು ಕಟ್ಟಿಕೊಂಡು ಸಣ್ಣ ಯಂತ್ರ ಇಡಲು ಅಡ್ಡಿಯಿಲ್ಲ. ಆದರೆ ಕೈಯಿಂದ ಎಲೆ ತುರುಕುವ ಯಂತ್ರ ಬ್ರೆಜಿಲ್‌ನಲ್ಲಿ ಎಷ್ಟೋ ಕೂಲಿಯವರ ಬೆರಳು, ಅಂಗೈ ತಿಂದಿದೆ. ಬಾಯಿಗೆ ಗಾರ್ಡ್ ಇಲ್ಲದ ಯಂತ್ರ ಕೊಳ್ಳಬೇಡಿ. ರಸ ಮೈಗೆ ಬಿದ್ದರೆ ನವೆ, ಕೈಗವಸು ತುಂಬುತೋಳು ಬೇಕೇ ಬೇಕು.

ಪ್ರಶ್ನೆ: ಪರಿಚಯದವರೊಬ್ಬರು ಕೀನ್ಯಾದಿಂದ ತಂದದ್ದೆಂದು ಹಸಿರು 'ತ್ಸಾವೊರೈಟ್' ಹರಳು ಮಾರುತ್ತಿದ್ದಾರೆ. ಆರು ಕ್ಯಾರೆಟ್, ಒಳಗೆ ಒಂದು ಗೆರೆಯೂ ಇಲ್ಲ, ದರ ಅಗ್ಗ. ಕೊಳ್ಳಲೇ?
— ಓದುಗರು, ದಾವಣಗೆರೆ

ಪ್ರಯೋಗಾಲಯದ ಪ್ರಮಾಣಪತ್ರವಿಲ್ಲದೆ ಬೇಡ.

ತ್ಸಾವೊರೈಟ್ ಎಂದರೆ ವನೇಡಿಯಂ, ಕ್ರೋಮಿಯಂನಿಂದ ಹಸಿರಾದ ಗಾರ್ನೆಟ್. ಕ್ಯಾಂಪ್‌ಬೆಲ್ ಬ್ರಿಜಸ್ ಎಂಬ ಭೂವಿಜ್ಞಾನಿ 1967ರಲ್ಲಿ ತಾಂಜಾನಿಯಾದಲ್ಲಿ ಕಂಡು, ಆಮೇಲೆ ಇದೇ ಜಿಲ್ಲೆಯಲ್ಲಿ ಪತ್ತೆಹಚ್ಚಿದ. 1974ರಲ್ಲಿ ಟಿಫನಿ ಕಂಪನಿ ಅದಕ್ಕೆ ತ್ಸಾವೊ ಹೆಸರಿಟ್ಟು ಮಾರುಕಟ್ಟೆಗೆ ತಂದಿತು. ಗಣಿಯ ಹಕ್ಕಿನ ಜಗಳ ಬೆಳೆದು 2009ರಲ್ಲಿ ಬ್ರಿಜಸ್‌ನನ್ನು ವೋಯಿ ಬಳಿ ಗುಂಪೊಂದು ಕೊಂದಿತು. ಹರಳು ಸಿಗುವುದು ಗ್ರ್ಯಾಫೈಟ್ ಬೆರೆತ ಕಲ್ಲಿನಲ್ಲಿ, ಆಲೂಗಡ್ಡೆಯಂಥ ಗಂಟುಗಳೊಳಗೆ. ಹೊರಗೆ ತೆಗೆಯುವಾಗಲೇ ಬಹಳಷ್ಟು ಬಿರಿದಿರುತ್ತದೆ. ಹಾಗಾಗಿ ಕತ್ತರಿಸಿದ ಹರಳುಗಳಲ್ಲಿ ಹೆಚ್ಚಿನವು ಒಂದೆರಡು ಕ್ಯಾರೆಟ್ಟಿನ ಒಳಗೆ. ಐದು ಕ್ಯಾರೆಟ್ ದಾಟಿದ ಶುದ್ಧ ಹರಳು ಅಪರೂಪ, ಅಪರೂಪದ್ದು ಅಗ್ಗವಿರುವುದಿಲ್ಲ.

ಬೆಳಕಿನ ವಕ್ರೀಭವನ ಅಳೆಯುವ ರಿಫ್ರ್ಯಾಕ್ಟೋಮೀಟರ್ ಇರುವ ಅಂಗಡಿಗೆ ಒಯ್ಯಿರಿ. 1.74ರ ಆಸುಪಾಸು ಬರಬೇಕು. ಸಾಮಾನ್ಯ ಗಾಜಾದರೆ 1.5 ಚಿಲ್ಲರೆ, ಲೆನ್ಸಿನಲ್ಲಿ ದುಂಡು ಗುಳ್ಳೆಗಳೂ ಕಾಣುತ್ತವೆ. ಯಾಗ್ (YAG) ಎಂಬ ಕೃತಕ ಹರಳಾದರೆ 1.83, ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿದ ಭಾರ. ಕೀನ್ಯಾದ ಕಾನೂನಿನಂತೆ ಹರಳು ವ್ಯಾಪಾರಕ್ಕೆ ಲೈಸೆನ್ಸ್, ಹೊರದೇಶಕ್ಕೆ ಒಯ್ಯಲು ರಫ್ತು ಪರವಾನಗಿ ಬೇಕು. ಅದನ್ನೂ ಕೇಳಿ ನೋಡಿ.

ಇನ್ನು, ಅಲ್ಲಿ ಬಿಸಿಲಲ್ಲಿ ಗುಂಡಿ ತೋಡುವವನಿಗೆ ಇದರಲ್ಲಿ ದಕ್ಕುವುದು ಬಲು ಕಮ್ಮಿ. ಅವನು ವೋಯಿಯ ದಲ್ಲಾಳಿಗೆ ಕಚ್ಚಾ ಹರಳು ಮಾರುತ್ತಾನೆ, ದಲ್ಲಾಳಿ ನೈರೋಬಿಗೆ, ಅಲ್ಲಿಂದ ಜೈಪುರ, ಬ್ಯಾಂಕಾಕಿಗೆ. ಬೆಲೆ ಏರುವುದು ಕತ್ತರಿಸಿ ಹೊಳಪು ಕೊಟ್ಟ ಮೇಲೆ.

ಪ್ರಶ್ನೆ: ತ್ಸಾವೊದ ನರಭಕ್ಷಕ ಸಿಂಹಗಳು 135 ಭಾರತೀಯ ಕೂಲಿಗಳನ್ನು ತಿಂದವು ಎಂದು ಓದಿದ್ದೆ. ಅವರಲ್ಲಿ ನಮ್ಮವರೂ ಇದ್ದರೇ?
— ನಿವೃತ್ತ ರೈಲ್ವೆ ನೌಕರರು, ಹುಬ್ಬಳ್ಳಿ

ಮೊಂಬಾಸಾದಿಂದ ತ್ಸಾವೊ ದಾಟಿ ಒಳನಾಡಿಗೆ ಹೋಗುವ ಉಗಾಂಡಾ ರೈಲುದಾರಿಗೆ 1896ರಿಂದ 1901ರವರೆಗೆ ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರೆದೊಯ್ದರು. ಬಹುಪಾಲು ಪಂಜಾಬಿನವರು, ಕರಾಚಿಯಿಂದ ಹಡಗು ಹತ್ತಿದವರು. ಸತ್ತವರು ಸುಮಾರು 2,500. ಸಿಂಹಕ್ಕಿಂತ ಮಲೇರಿಯಾ, ಭೇದಿ, ಅಪಘಾತ ತಿಂದ ಜನವೇ ಎಷ್ಟೋ ಪಾಲು ಹೆಚ್ಚು, ಅವರ ಬಗ್ಗೆ ಯಾರೂ ಸಿನಿಮಾ ಮಾಡಲಿಲ್ಲ.

ತ್ಸಾವೊ ನದಿಯ ಸೇತುವೆ ಕಟ್ಟುವಾಗ, 1898ರ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ, ಎರಡು ಗಂಡು ಸಿಂಹಗಳು ಡೇರೆಗಳಿಂದ ಜನರನ್ನು ಎಳೆದೊಯ್ದವು. ಎಂಜಿನಿಯರ್ ಪ್ಯಾಟರ್ಸನ್ ಡಿಸೆಂಬರ್‌ನಲ್ಲಿ ಎರಡನ್ನೂ ಕೊಂದ. ಮೊದಲು 28 ಭಾರತೀಯರು, ಜೊತೆಗೆ ಲೆಕ್ಕಕ್ಕೆ ಸಿಗದ ಆಫ್ರಿಕನ್ನರು ಎಂದು ಬರೆದ. 135 ಎಂಬುದು ಅವನೇ ಆಮೇಲೆ ಏರಿಸಿದ ಅಂಕಿ. ಆ ಸಿಂಹಗಳ ಚರ್ಮ, ತಲೆಬುರುಡೆ ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿವೆ. ಕೂದಲು, ಮೂಳೆಯ ರಾಸಾಯನಿಕ ಪರೀಕ್ಷೆಯಿಂದ 2009ರಲ್ಲಿ ಬಂದ ಅಂದಾಜು 35ರ ಹತ್ತಿರ. ಒಂದು ಸಿಂಹದ ಕೋರೆಹಲ್ಲು ಮುರಿದು ಬುಡದಲ್ಲಿ ಕೀವು ಕಟ್ಟಿತ್ತು. ಕಾಡೆಮ್ಮೆಯನ್ನು ಹಿಡಿದು ಕೆಡವುವ ಶಕ್ತಿ ಆ ದವಡೆಗಿರಲಿಲ್ಲ. ಕಾಡೆಮ್ಮೆಗಳೂ ಆಗಷ್ಟೇ ದನದ ಮಹಾಮಾರಿಯಲ್ಲಿ ಸತ್ತು ವಿರಳವಾಗಿದ್ದವು. ಮ್ಯೂಸಿಯಂನ ಫೋಟೊಗಳಲ್ಲಿ ಕಾಣುವ ಆ ಸಿಂಹಗಳಿಗೆ ಕೇಸರವಿಲ್ಲ ಎಂದು ಅಚ್ಚರಿಪಡಬೇಡಿ, ತ್ಸಾವೊದ ಬಿಸಿಲಿಗೂ ಮುಳ್ಳಿಗೂ ಅಲ್ಲಿಯ ಗಂಡುಗಳಲ್ಲಿ ಹಲವಕ್ಕೆ ಕೇಸರ ಇಲ್ಲ, ಇದ್ದರೂ ತೆಳು.

ಪ್ರಶ್ನೆ: ಆನೆ ಸಿಂಹ ಬಿಟ್ಟು, ಬೇರೆಲ್ಲೂ ಇಲ್ಲದ ಜೀವಿ ಏನಾದರೂ ಇದೆಯೇ?
— ಪಕ್ಷಿವೀಕ್ಷಕರು, ಮೈಸೂರು

ಬೇಕಾದಷ್ಟು, ಎಲ್ಲ ಬೆಟ್ಟದ ಮೇಲೆ. ತೈತಾ ಥ್ರಶ್, ತೈತಾ ಅಪಾಲಿಸ್ ಹಕ್ಕಿಗಳು ಜಗತ್ತಿನಲ್ಲಿ ಇಲ್ಲಿಯ ಚೂರು ಕಾಡುಗಳಲ್ಲಿ ಬಿಟ್ಟರೆ ಇಲ್ಲ. ಚೂರು ಎಂದರೆ ಚೂರೇ: ದೊಡ್ಡವುಗಳಲ್ಲೊಂದಾದ ನ್ಗಂಗಾವೊ ಕಾಡು ಸುಮಾರು 120 ಹೆಕ್ಟೇರ್. ಸುತ್ತ ಹಿಂದೆ ನೆಟ್ಟ ನೀಲಗಿರಿ, ಪೈನ್. ನೀಲಗಿರಿ ತೊರೆಯ ನೀರು ಕುಡಿಯುತ್ತದೆ, ಹಳೆಯ ಕಾಡಿನಂತೆ ಮಂಜು ಹಿಡಿದು ನೆಲಕ್ಕಿಳಿಸುವುದಿಲ್ಲ. ಮನೆಯ ಕುಂಡಗಳಲ್ಲಿ ಬೆಳೆಸುವ ಆಫ್ರಿಕನ್ ವಯಲೆಟ್‌ನ ಒಂದು ಕಾಡು ಜಾತಿ ಎಂಬೊಲೊಲೊ ಬೆಟ್ಟದಲ್ಲಿದೆ.

ನಮ್ಮ ಮೆಚ್ಚಿನದು ಕಪ್ಪೆಯ ಬಂಧು, ಕಾಲಿಲ್ಲದ, ಎರೆಹುಳುವಿನಂತೆ ಕಾಣುವ ಸಿಸಿಲಿಯನ್. ಪಶ್ಚಿಮ ಘಟ್ಟದಲ್ಲೂ ಇವುಗಳ ಸಂಬಂಧಿಕರು ಹಲವು ಇದ್ದಾರೆ. ತೈತಾದ ಜಾತಿಯಲ್ಲಿ ಮರಿ ಹುಟ್ಟಿದಾಗ ತಾಯಿಯ ಹೊರಚರ್ಮ ದಪ್ಪವಾಗಿ ಕೊಬ್ಬು ತುಂಬಿಕೊಳ್ಳುತ್ತದೆ. ಮರಿಗಳು ವಿಶೇಷ ಹಲ್ಲುಗಳಿಂದ ಅದನ್ನು ಕೆರೆದು ತಿಂದು ಬೆಳೆಯುತ್ತವೆ. 2006ರಲ್ಲಿ ಇದು ಪ್ರಕಟವಾದಾಗ ವಿಜ್ಞಾನಿಗಳೇ ಬೆರಗಾದರು. ಸಗಾಲಾ ಬೆಟ್ಟಕ್ಕೇ ಸೀಮಿತವಾದ ಇನ್ನೊಂದು ಜಾತಿ ರೈತರ ಹಿತ್ತಲಿನ ತೇವದ ಮಣ್ಣಿನಲ್ಲೂ ಸಿಗುತ್ತದೆ. ನವೆಂಬರ್-ಡಿಸೆಂಬರ್‌ನಲ್ಲಿ ಹೋದರೆ ತ್ಸಾವೊ ಪಶ್ಚಿಮದ ನ್ಗುಲಿಯಾ ಲಾಡ್ಜ್‌ನಲ್ಲಿ ಮಂಜಿನ ರಾತ್ರಿ ದೀಪಕ್ಕೆ ಬಂದಿಳಿಯುವ ಯುರೋಪಿನ ವಲಸೆ ಹಕ್ಕಿಗಳಿಗೆ ಉಂಗುರ ತೊಡಿಸುವುದನ್ನು ನೋಡಬಹುದು. 1969ರಿಂದ ನಡೆಯುತ್ತಿದೆ.

ಪ್ರಶ್ನೆ: ಮನೆಮಂದಿ ಹೋಗಬೇಕೆಂದಿದ್ದೇವೆ. ಏನೇನು ಗಮನಿಸಬೇಕು?
— ಓದುಗರು, ಬೆಂಗಳೂರು

ಜೂನ್‌ನಿಂದ ಅಕ್ಟೋಬರ್ ಅಥವಾ ಜನವರಿ-ಫೆಬ್ರವರಿ ಆರಿಸಿ. ಒಣಗಾಲದಲ್ಲಿ ಎಲೆ ಉದುರಿ ಕುರುಚಲೊಳಗೆ ಕಣ್ಣು ಹಾಯುತ್ತದೆ, ಪ್ರಾಣಿಗಳೂ ನೀರಿನ ಬಳಿಗೇ ಬರುತ್ತವೆ. ಗಾಡಿಯಲ್ಲಿ ದಿನವಿಡೀ ಸುತ್ತುವುದಕ್ಕಿಂತ ಅರೂಬಾ ಅಣೆಕಟ್ಟು, ಮುದಾಂದಾ ಬಂಡೆಯ ಕೆಳಗಿನ ನೀರುಗುಂಡಿಯ ಬಳಿ ಎರಡು ಗಂಟೆ ಸುಮ್ಮನೆ ಕಾಯುವುದು ಲೇಸು. ನೈರೋಬಿ-ಮೊಂಬಾಸಾ ರೈಲು 2017ರಿಂದ ಓಡುತ್ತಿದೆ. ವೋಯಿಯಲ್ಲಿ ನಿಲ್ಲುವುದು ಇಂಟರ್‌ಕೌಂಟಿ ಗಾಡಿ, ಟಿಕೆಟ್ ಕೊಳ್ಳುವಾಗ ನೋಡಿಕೊಳ್ಳಿ. 'ತೈತಾ ಹಿಲ್ಸ್' ಹೆಸರಿನ ಖಾಸಗಿ ಅಭಯಾರಣ್ಯ ಇರುವುದು ಬಯಲಿನಲ್ಲಿ. ಬೆಟ್ಟದ ಕಾಡು, ಹಕ್ಕಿ ಬೇಕಾದವರು ಅಲ್ಲಿ ಕೊಠಡಿ ಹಿಡಿದು ಪೇಚಾಡುವುದುಂಟು, ಅವರು ಹೋಗಬೇಕಾದದ್ದು ವುಂದಾನ್ಯಿಗೆ.

ಉದ್ಯಾನದ ಗೇಟು ಬೆಳಿಗ್ಗೆ ಆರರಿಂದ ಸಂಜೆ ಆರು. ಗೇಟಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಶುಲ್ಕ ಆನ್‌ಲೈನ್‌ನಲ್ಲಿ ಮೊದಲೇ ಕಟ್ಟಿ. ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ವಾಹನದಿಂದ ಇಳಿಯುವಂತಿಲ್ಲ. 2020ರ ಜೂನ್‌ನಿಂದ ಉದ್ಯಾನದೊಳಗೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷಿದ್ಧ, ನೀರಿನ ಬಾಟಲಿಯೂ ಸೇರಿ. ಸ್ಟೀಲ್ ಬಾಟಲಿ ಒಯ್ಯಿರಿ. ಸಸ್ಯಾಹಾರಿಗಳು ಹೆದರಬೇಕಿಲ್ಲ: ಚಪಾತಿ ಅಲ್ಲಿ ದಿನನಿತ್ಯದ ತಿಂಡಿ, ಜೊತೆಗೆ ರಾಜ್ಮಾದಂಥ ಕಾಳಿನ ಗೊಜ್ಜು, ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ, ನಮ್ಮ ಮುದ್ದೆಯ ತಮ್ಮನಂತಿರುವ ಉಗಾಲಿ ಎಲ್ಲ ಊಟದ ಮನೆಗಳಲ್ಲೂ ಸಿಗುತ್ತದೆ.

ಬಯಲಿನಲ್ಲಿ ಮಲೇರಿಯಾ ಇದೆ, ಹೊರಡುವ ಮೊದಲೇ ವೈದ್ಯರನ್ನು ಕೇಳಿ ಮಾತ್ರೆ ಶುರುಮಾಡಿ. ವೀಸಾ ಬದಲಿಗೆ 2024ರಿಂದ ಇ-ಟಿ-ಎ (ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿ) ಅರ್ಜಿ ಆನ್‌ಲೈನ್‌ನಲ್ಲಿ ಹಾಕಬೇಕು. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು, ಸರ್ಕಾರಿ ಮಾನ್ಯತೆಯ ಕೇಂದ್ರದಲ್ಲೇ ಹಾಕಿಸಿ ಅಲ್ಲಿ ಕೊಡುವ ಲಸಿಕೆ ಪ್ರಮಾಣಪತ್ರದ ಪುಸ್ತಕದಲ್ಲಿ ಮೊಹರು ಹಾಕಿಸಿಕೊಳ್ಳಿ. ಆ ಪುಸ್ತಕವನ್ನು ಚೆಕ್-ಇನ್ ಚೀಲಕ್ಕೆ ಹಾಕದೆ ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ಕೀನ್ಯಾದಿಂದ ಮರಳುವಾಗ ಅದು ಕೈಯಲ್ಲಿಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.